ಅಪ್ಪನ 92, ಮಗಳ 108: ಎಲ್‌ಡಿಎಲ್ ರಿಪೋರ್ಟ್ ಓದುವುದು ಹೇಗೆ?

ಹೋದ ವರ್ಷ ಒಂದೇ ದಿನ, ಒಂದೇ ಲ್ಯಾಬಿನಿಂದ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಎರಡು ರಿಪೋರ್ಟ್ ಬಂದವು. ಒಂದು ನಮ್ಮ ಸೋದರಮಾವನದು. ವಯಸ್ಸು 54. ಐದು ವರ್ಷದ ಹಿಂದೆ, 49ಕ್ಕೇ ಹೃದಯಾಘಾತವಾಗಿ ಸ್ಟೆಂಟ್ ಹಾಕಿಸಿಕೊಂಡವರು. ಅವರ ಎಲ್‌ಡಿಎಲ್, ಅಂದರೆ ಜನ ಕೆಟ್ಟ ಕೊಲೆಸ್ಟ್ರಾಲ್ ಅನ್ನುವುದು, 92. ಇನ್ನೊಂದು ಅವರ ಮಗಳದು. ವಯಸ್ಸು 26, ಎಲ್‌ಡಿಎಲ್ 108. ಪಕ್ಕದ ಕಾಲಮ್ಮಿನಲ್ಲಿ ಲ್ಯಾಬಿನವರು "100ಕ್ಕಿಂತ ಕಡಿಮೆ" ಎಂದು ಮುದ್ರಿಸಿದ್ದರು. ಹಾಗಾಗಿ ಮಾವನ 92 ಸಾದಾ ಅಕ್ಷರದಲ್ಲಿತ್ತು. ಮಗಳ 108 ದಪ್ಪ ಅಕ್ಷರದಲ್ಲಿ, ಪಕ್ಕದಲ್ಲೊಂದು ನಕ್ಷತ್ರದ ಗುರುತು ಹೊತ್ತು ಕೂತಿತ್ತು.

ಆ ದಪ್ಪ ಅಕ್ಷರ ಮಾಡಿದ ಕೆಲಸ ನೋಡಿ. ಮಗಳು ತುಪ್ಪ, ದೋಸೆ, ಮೊಟ್ಟೆ ಎಲ್ಲ ಬಿಟ್ಟಳು. ರಾತ್ರಿಯೆಲ್ಲ ಗೂಗಲ್ ಮಾಡುತ್ತ ಕೂತಳು. ಮಾವ ಹತ್ತು ದಿನ ಬಿಟ್ಟು ನನಗೆ ಫೋನ್ ಮಾಡಿದರು. "ನಾರ್ಮಲ್ ಬಂತಲ್ಲೇ, ಇನ್ನು ಕೊಲೆಸ್ಟ್ರಾಲ್ ಮಾತ್ರೆ ಯಾಕೆ ಅಂತ ನಿಲ್ಲಿಸಿದೆ" ಅಂದರು.

ನಾನು ಹನ್ನೆರಡು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ಔಷಧಿ ಬರೆಯುವ ಹಕ್ಕು ನನಗಿಲ್ಲ. ಆದರೆ ದಪ್ಪ ಅಕ್ಷರ ಎಲ್ಲಿಂದ ಬರುತ್ತದೆ ಅಂತ ಗೊತ್ತು. ಕಂಪ್ಯೂಟರಿಗೆ ಒಂದು ಮಿತಿ ಕೊಟ್ಟಿರುತ್ತೇವೆ, ಅದು ದಾಟಿದರೆ ಅಕ್ಷರ ದಪ್ಪಗಾಗುತ್ತದೆ, ಅಷ್ಟೇ. ರಕ್ತ ಕೊಟ್ಟವರಿಗೆ ಸ್ಟೆಂಟ್ ಇದೆಯೋ, ಸಕ್ಕರೆ ಕಾಯಿಲೆ ಇದೆಯೋ, ಅಪ್ಪನಿಗೆ ಹಾರ್ಟ್ ಅಟ್ಯಾಕ್ ಆಗಿತ್ತೋ, ಅದಕ್ಕೆ ಏನೂ ಗೊತ್ತಿಲ್ಲ. ಆ ಎರಡು ರಿಪೋರ್ಟುಗಳಲ್ಲಿ ತುರ್ತಾಗಿ ನೋಡಬೇಕಾಗಿದ್ದದ್ದು ಮಾವನ 92. ಅದು ಯಾಕೆ ಅಂತ ಹಂತ ಹಂತವಾಗಿ ಹೇಳುತ್ತೇನೆ. ನಿಮ್ಮ ರಿಪೋರ್ಟ್ ಮನೆಯಲ್ಲಿದ್ದರೆ ತೆಗೆದು ಎದುರಿಗಿಟ್ಟುಕೊಳ್ಳಿ. ಒಂದು ಬಾಲ್ ಪೆನ್ನೂ ಇರಲಿ.

ಮೊದಲು: ಎಲ್‌ಡಿಎಲ್ ಅಂದ್ರೆ ಯಾರು?

ಎಣ್ಣೆ ನೀರಿನಲ್ಲಿ ಬೆರೆಯುವುದಿಲ್ಲ, ರಕ್ತದಲ್ಲೂ ಅಷ್ಟೆ. ಅದಕ್ಕೇ ದೇಹ ಕೊಬ್ಬಿನ ಸರಕನ್ನು ಸಣ್ಣ ಸಣ್ಣ ಗಾಡಿಗಳಲ್ಲಿ ತುಂಬಿ ಸಾಗಿಸುತ್ತದೆ. ಲಗೇಜ್ ಆಟೊ ಅಂದುಕೊಳ್ಳಿ. ಎಲ್‌ಡಿಎಲ್ ಅಂಥ ಒಂದು ಆಟೊ. ಒಳಗಿರುವ ಸರಕು ಕೊಲೆಸ್ಟ್ರಾಲ್. ಎಚ್‌ಡಿಎಲ್ ಇನ್ನೊಂದು ಬಗೆಯ ಗಾಡಿ. ಎರಡರಲ್ಲೂ ಇರುವ ಕೊಲೆಸ್ಟ್ರಾಲ್ ಒಂದೇ. ಅದು ಒಳ್ಳೆಯದೂ ಅಲ್ಲ, ಕೆಟ್ಟದ್ದೂ ಅಲ್ಲ. ಜೀವಕೋಶದ ಗೋಡೆಗೆ, ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು.

ತೊಂದರೆ ಇರುವುದು ಗಾಡಿ ಜಾಸ್ತಿಯಾದಾಗ. ರಕ್ತನಾಳದ ಒಳಗೋಡೆಯ ಸಂದಿಯಲ್ಲಿ ಎಲ್‌ಡಿಎಲ್ ನುಗ್ಗಿ ಸಿಕ್ಕಿಕೊಳ್ಳುತ್ತದೆ. ಅದನ್ನು ಸ್ವಚ್ಛ ಮಾಡಲು ಬಂದ ಬಿಳಿ ರಕ್ತಕಣಗಳು ತಿಂದು ತಿಂದು ಉಬ್ಬಿ ಅಲ್ಲೇ ಸಾಯುತ್ತವೆ. ಗೋಡೆಯೊಳಗೆ ಒಂದು ಗಂಟು ಬೆಳೆಯುತ್ತದೆ. ಇದು ಒಂದೆರಡು ತಿಂಗಳ ಕೆಲಸವಲ್ಲ, ಇಪ್ಪತ್ತು ಮೂವತ್ತು ವರ್ಷದ್ದು. ಒಂದು ದಿನ ಗಂಟಿನ ಮೇಲಿನ ಪೊರೆ ಹರಿಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ಕೆಲವೇ ನಿಮಿಷದಲ್ಲಿ ನಾಳ ಮುಚ್ಚುತ್ತದೆ. ಅರ್ಧ ಮಾತ್ರ ಮುಚ್ಚಿದ್ದ ನಾಳದಲ್ಲೂ ಹೀಗಾಗಬಹುದು. "ನಿನ್ನೆ ಶಟಲ್ ಆಡ್ತಿದ್ದ, ಇವತ್ತು ಹೋಗ್ಬಿಟ್ಟ" ಅನ್ನುವ ಸುದ್ದಿಗಳ ಹಿಂದೆ ಎಷ್ಟೋ ಸಲ ಇರುವುದು ಇದೇ.

ಈ ಆಟೊಗಳನ್ನು ರಸ್ತೆಯಿಂದ ಎಳೆದು ಒಳಗೆ ಹಾಕಿಕೊಳ್ಳುವುದು ಮುಖ್ಯವಾಗಿ ಲಿವರ್. ಅದರ ಜೀವಕೋಶಗಳ ಮೇಲೆ ಎಲ್‌ಡಿಎಲ್ ಹಿಡಿಯುವ ಕೊಕ್ಕೆಗಳಿವೆ. ಅವನ್ನು ಕಂಡುಹಿಡಿದ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಕೊಕ್ಕೆ ಕಡಿಮೆ ಇದ್ದವರ ರಕ್ತದಲ್ಲಿ ಎಲ್‌ಡಿಎಲ್ ಓಡಾಡುತ್ತಲೇ ಇರುತ್ತದೆ. ಕೊಕ್ಕೆ ಎಷ್ಟು ಅನ್ನುವುದರಲ್ಲಿ ಹೆತ್ತವರಿಂದ ಬಂದ ಪಾಲು ದೊಡ್ಡದು. ಸಣಕಲು ಮೈಯವರಿಗೂ ಎಲ್‌ಡಿಎಲ್ 170 ಇರುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಎರಡನೆಯದು: ರಕ್ತ ಕೊಡುವ ಮುಂಚೆ

ಯಾವ ವಯಸ್ಸಿಗೆ? 2024ರಲ್ಲಿ ಭಾರತೀಯ ಹೃದ್ರೋಗ ತಜ್ಞರ ಸಂಘ, ಅಂದರೆ ಕಾರ್ಡಿಯಾಲಜಿಕಲ್ ಸೊಸೈಟಿ ಆಫ್ ಇಂಡಿಯಾ, ನಮ್ಮ ದೇಶದವರಿಗಾಗಿಯೇ ಕೊಲೆಸ್ಟ್ರಾಲ್ ಮಾರ್ಗಸೂಚಿ ತಂದಿತು. ಮೊದಲ ಲಿಪಿಡ್ ಪರೀಕ್ಷೆ, ಅಂದರೆ ರಕ್ತದ ಕೊಬ್ಬಿನ ಪರೀಕ್ಷೆ, 18ಕ್ಕೇ ಆಗಲಿ ಎಂದು ಅದು ಹೇಳುತ್ತದೆ. "ನಲವತ್ತಾದ ಮೇಲೆ ನೋಡೋಣ" ಅನ್ನುವುದು ಹಳೆಯ ಮಾತು.

ಖಾಲಿ ಹೊಟ್ಟೆ ಬೇಕಾ? ದಿನಕ್ಕೆ ಹತ್ತು ಸಲ ಕೇಳುವ ಪ್ರಶ್ನೆ ಇದು. ಬರೀ ಎಲ್‌ಡಿಎಲ್ ನೋಡುವುದಕ್ಕಾದರೆ ಸಾಮಾನ್ಯವಾಗಿ ಬೇಕಿಲ್ಲ. ಒಂದು ಊಟದಿಂದ ಅದು ಹೆಚ್ಚು ಅಲುಗಾಡುವುದಿಲ್ಲ. ಊಟಕ್ಕೆ ಏರುವುದು ಟ್ರೈಗ್ಲಿಸರೈಡ್, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು. ಯುರೋಪಿನ ತಜ್ಞರು 2016ರಲ್ಲೇ ಉಪವಾಸವಿಲ್ಲದ ಪರೀಕ್ಷೆ ಸಾಕು ಎಂದರು, ಮೇಲೆ ಹೇಳಿದ ಭಾರತೀಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ. ಆದರೆ ನಿಮಗೆ ಹಿಂದೆ ಟ್ರೈಗ್ಲಿಸರೈಡ್ ಜಾಸ್ತಿ ಬಂದಿದ್ದರೆ, ಅಥವಾ ಜೊತೆಗೆ ಫಾಸ್ಟಿಂಗ್ ಶುಗರ್ ಕೂಡ ಮಾಡಿಸುವುದಿದ್ದರೆ 10–12 ಗಂಟೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ನೀರು ಕುಡಿಯಬಹುದು. ಕುಡಿಯಲೇಬೇಕು ಅನ್ನುತ್ತೇನೆ, ಯಾಕೆಂದರೆ ಬಾಯಾರಿ ಬಂದವರ ನರ ಸಿಗುವುದಿಲ್ಲ. ಒಂದು ಲೋಟ ಕಾಫಿ ಮಾತ್ರ ಕುಡಿದೆ ಅನ್ನುವವರಿಗೆ ಹೇಳುವುದಿಷ್ಟೇ: ಹಾಲು ಸಕ್ಕರೆ ಹಾಕಿದ ಕಾಫಿ ಆಹಾರವೇ.

ಹಿಂದಿನ ರಾತ್ರಿ ಮದುವೆ ರಿಸೆಪ್ಶನ್ನಿನಲ್ಲಿ ಉಂಡು, ಎರಡು ಪೆಗ್ ಹಾಕಿ ಬೆಳಿಗ್ಗೆ ಬಂದವರ ಸ್ಯಾಂಪಲ್ಲನ್ನು ಸೆಂಟ್ರಿಫ್ಯೂಜಿನಲ್ಲಿ ತಿರುಗಿಸಿದರೆ ಒಮ್ಮೊಮ್ಮೆ ಮೇಲಿನ ತಿಳಿ ಹಾಲು ಬೆರೆಸಿದ ಹಾಗೆ ಬೆಳ್ಳಗಿರುತ್ತದೆ. ಅದು ತೇಲುತ್ತಿರುವ ಟ್ರೈಗ್ಲಿಸರೈಡ್. ಅಂಥ ಸ್ಯಾಂಪಲ್ಲಿನಿಂದ ಎಲ್‌ಡಿಎಲ್ ಲೆಕ್ಕ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಎರಡು ಮೂರು ದಿನ ಮೊದಲಿಂದ ಮದ್ಯ ಬೇಡ.

ಜ್ವರ ಬಂದಾಗ, ಆಪರೇಶನ್ ಆದ ಹೊಸತರಲ್ಲಿ ಈ ಪರೀಕ್ಷೆ ಬೇಡ. ದೇಹ ಕಾಯಿಲೆ ಜೊತೆ ಹೋರಾಡುವಾಗ ಎಲ್‌ಡಿಎಲ್ ತಾನಾಗೇ ಇಳಿದಿರುತ್ತದೆ, ಸುಮ್ನೆ ಸಮಾಧಾನ ಕೊಡುತ್ತದೆ. ಗರ್ಭಿಣಿಯರಲ್ಲಿ ತಿರುಗುಮುರುಗು: ಸಹಜವಾಗೇ ಏರಿರುತ್ತದೆ. ಲ್ಯಾಬಿಗೆ ಬಂದ ತಕ್ಷಣ ತೋಳು ಚಾಚಬೇಡಿ, ಹತ್ತು ನಿಮಿಷ ಕೂತಿರಿ. ನಿಂತಿದ್ದಾಗ ತೆಗೆದ ರಕ್ತಕ್ಕೂ ಕೂತು ತೆಗೆದದ್ದಕ್ಕೂ ಸ್ವಲ್ಪ ವ್ಯತ್ಯಾಸ ಬರುತ್ತದೆ. ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೋಸ್ಕರ ಅದನ್ನು ನಿಲ್ಲಿಸಬೇಡಿ. ಮಾತ್ರೆ ಕೆಲಸ ಮಾಡುತ್ತಿದೆಯಾ ಅಂತ ನೋಡುವುದಕ್ಕೇ ಅಲ್ವಾ ಪರೀಕ್ಷೆ?

ಇನ್ನೊಂದು ಚಾಳಿ ಇದೆ. ಪರೀಕ್ಷೆಗೆ ಹದಿನೈದು ದಿನ ಮುಂಚೆ ಪಥ್ಯ ಶುರು ಮಾಡುವುದು. ಕಾಪಿ ಹೊಡೆದು ಪಾಸಾದ ಹಾಗೆ. ಯಾವಾಗಿನ ಹಾಗೆ ಉಂಡು ಬನ್ನಿ.

ಮೂರನೆಯದು: ರಿಪೋರ್ಟಿನಲ್ಲಿ ಯಾವುದು ಅಳೆದದ್ದು, ಯಾವುದು ಕಳೆದದ್ದು

ಲಿಪಿಡ್ ಪ್ರೊಫೈಲ್ ಅಂತ ಎಂಟು ಹತ್ತು ಸಾಲು ಇರುತ್ತದೆ. ಹೆದರಬೇಡಿ. ಹೆಚ್ಚಿನ ಲ್ಯಾಬುಗಳಲ್ಲಿ ಯಂತ್ರ ನಿಜವಾಗಿ ಅಳೆಯುವುದು ಮೂರನ್ನು: ಒಟ್ಟು ಕೊಲೆಸ್ಟ್ರಾಲ್, ಎಚ್‌ಡಿಎಲ್, ಟ್ರೈಗ್ಲಿಸರೈಡ್. ಉಳಿದದ್ದೆಲ್ಲ ಕೂಡಿ ಕಳೆದು ಭಾಗಿಸಿ ಬಂದದ್ದು. ಎಲ್‌ಡಿಎಲ್ ಕೂಡ ಹಾಗೇ ಬಂದಿರಬಹುದು.

1972ರಲ್ಲಿ ಫ್ರೀಡ್‌ವಾಲ್ಡ್ ಮತ್ತು ಸಂಗಡಿಗರು ಕೊಟ್ಟ ಸೂತ್ರ ಈಗಲೂ ತುಂಬ ಕಡೆ ನಡೆಯುತ್ತಿದೆ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಕಳೆಯಿರಿ. ಆಮೇಲೆ ಟ್ರೈಗ್ಲಿಸರೈಡಿನ ಐದನೇ ಒಂದು ಭಾಗ ಕಳೆಯಿರಿ. ಉಳಿದದ್ದು ಎಲ್‌ಡಿಎಲ್. ಒಂದು ಉದಾಹರಣೆ ಮಾಡೋಣ. ಒಟ್ಟು 212, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 240. ಐದನೇ ಒಂದು ಭಾಗ 48, ಅದೇ ರಿಪೋರ್ಟಿನಲ್ಲಿ ವಿಎಲ್‌ಡಿಎಲ್ (ಟ್ರೈಗ್ಲಿಸರೈಡ್ ಸಾಗಿಸುವ ಗಾಡಿ) ಅಂತ ಕಾಣುವುದು. 212ರಲ್ಲಿ 38 ಹೋದರೆ 174, ಅದರಲ್ಲಿ 48 ಹೋದರೆ 126. ಎಲ್‌ಡಿಎಲ್ 126.

ಈ ಲೆಕ್ಕದ ದೌರ್ಬಲ್ಯ ತಿಳಿದಿರಲಿ. ಟ್ರೈಗ್ಲಿಸರೈಡ್ 400 ದಾಟಿದರೆ ಸೂತ್ರ ಕೈಕೊಡುತ್ತದೆ. ಆಗ ಡೈರೆಕ್ಟ್ ಎಲ್‌ಡಿಎಲ್ ಮಾಡಿಕೊಡಿ ಅಂತ ಕೇಳಿ. ಇನ್ನೊಂದು ಕಡೆಯೂ ಅದು ಎಡವುತ್ತದೆ. ಎಲ್‌ಡಿಎಲ್ ತುಂಬ ಕಡಿಮೆ, ಟ್ರೈಗ್ಲಿಸರೈಡ್ ಜಾಸ್ತಿ ಇದ್ದಾಗ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ಸಕ್ಕರೆ ಕಾಯಿಲೆಯ ಜೊತೆ ಮಾತ್ರೆ ತೆಗೆದುಕೊಳ್ಳುವ ಎಷ್ಟೋ ಜನರ ರಿಪೋರ್ಟ್ ಹೀಗೇ ಇರುತ್ತದೆ.

ಅದಕ್ಕೇ ನಿಮ್ಮ ಪೆನ್ನು ತೆಗೆದು ಇನ್ನೊಂದು ಲೆಕ್ಕ ಮಾಡಿ. ಒಟ್ಟು ಕೊಲೆಸ್ಟ್ರಾಲಿನಿಂದ ಎಚ್‌ಡಿಎಲ್ ಮಾತ್ರ ಕಳೆಯಿರಿ. ನಮ್ಮ ಉದಾಹರಣೆಯಲ್ಲಿ 174. ಇದರ ಹೆಸರು ನಾನ್-ಎಚ್‌ಡಿಎಲ್. ನಾಳಕ್ಕೆ ತೊಂದರೆ ಕೊಡುವ ಎಲ್ಲ ಗಾಡಿಗಳ ಸರಕೂ ಇದರಲ್ಲಿ ಸೇರಿದೆ. ಉಪವಾಸ ಬೇಡ, ಸೂತ್ರ ಬೇಡ, ದುಡ್ಡೂ ಬೇಡ. ನಮ್ಮವರಲ್ಲಿ ಎಚ್‌ಡಿಎಲ್ ಕಡಿಮೆ, ಟ್ರೈಗ್ಲಿಸರೈಡ್ ಜಾಸ್ತಿ ಅನ್ನುವ ಜೋಡಿ ತುಂಬ ಕಾಣುತ್ತದೆ. ಅಂಥವರ ವಿಷಯದಲ್ಲಿ ನನಗಂತೂ ಎಲ್‌ಡಿಎಲ್‌ಗಿಂತ ಈ ಅಂಕಿಯ ಮೇಲೇ ನಂಬಿಕೆ.

ಡಾಕ್ಟರ್ ಒಮ್ಮೊಮ್ಮೆ ಅಪೊ ಬಿ ಅನ್ನುವ ಪರೀಕ್ಷೆ ಬರೆಯುತ್ತಾರೆ. ಅದೇನು ಅಂದರೆ, ಒಂದೊಂದು ಆಟೊಗೂ ಒಂದೇ ನಂಬರ್ ಪ್ಲೇಟ್. ಎಲ್‌ಡಿಎಲ್ ಅಳತೆ ಹೇಳುವುದು ಎಷ್ಟು ಸರಕು ಇದೆ ಅಂತ. ಅಪೊ ಬಿ ನಂಬರ್ ಪ್ಲೇಟ್ ಎಣಿಸುತ್ತದೆ. ಅರ್ಧಂಬರ್ಧ ತುಂಬಿದ ಸಣ್ಣ ಸಣ್ಣ ಆಟೊಗಳೇ ರಸ್ತೆ ತುಂಬ ಇದ್ದರೆ ಸರಕಿನ ತೂಕ ನೋಡಿ ಮೋಸ ಹೋಗುತ್ತೀರಿ.

ಹೊರದೇಶದಲ್ಲಿ ಮಕ್ಕಳಿರುವ ಮನೆಗಳಿಗೆ ಒಂದು ಮಾತು. ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾದ ರಿಪೋರ್ಟಿನಲ್ಲಿ ಎಲ್‌ಡಿಎಲ್ 3.1 ಅಂತ ಇರುತ್ತದೆ. ಅಯ್ಯೋ ಇಷ್ಟು ಕಡಿಮೆನಾ ಅನ್ನಬೇಡಿ. ಅದು ಬೇರೆ ಮಾನ, ಮಿಲಿಮೋಲ್. 38.67ರಿಂದ ಗುಣಿಸಿದರೆ ನಮ್ಮ ಮಿಲಿಗ್ರಾಂ ಲೆಕ್ಕಕ್ಕೆ ಬರುತ್ತದೆ. 3.1 ಅಂದರೆ ಹೆಚ್ಚುಕಮ್ಮಿ 120.

ಕೊನೆಯ ಸಾಲುಗಳಲ್ಲಿ ಬರುವ ಅನುಪಾತಗಳನ್ನು ಬಿಟ್ಟುಬಿಡಿ. ಅವೆಲ್ಲ ಮೇಲಿನ ಅಂಕಿಗಳನ್ನೇ ಒಂದರಿಂದ ಒಂದನ್ನು ಭಾಗಿಸಿ ಪುಟ ತುಂಬಿಸಿದ್ದು.

ನಾಲ್ಕನೆಯದು: ನಿಮ್ಮ ಗೆರೆ ಎಲ್ಲಿ?

ಇಲ್ಲಿ ನಿಧಾನವಾಗಿ ಓದಿ. ರಿಪೋರ್ಟಿನ ಪಕ್ಕದಲ್ಲಿ 100ರ ಒಳಗೆ ಉತ್ತಮ, 130–159 ಗಡಿ, 160 ದಾಟಿದರೆ ಜಾಸ್ತಿ, 190 ದಾಟಿದರೆ ತುಂಬ ಜಾಸ್ತಿ ಎಂಬ ಪಟ್ಟಿ ಇರುತ್ತದಲ್ಲ, ಅದು 2001ರ ಅಮೆರಿಕದ ಮಾರ್ಗಸೂಚಿಯಿಂದ ಬಂದದ್ದು. ಇಡೀ ಊರಿಗೆ ಒಂದೇ ಅಳತೆಯ ಚಪ್ಪಲಿ. ನಿಮ್ಮ ಕಾಲಿನ ಅಳತೆ ಬೇರೆ ತೆಗೆಯಬೇಕು.

2024ರ ಭಾರತೀಯ ಮಾರ್ಗಸೂಚಿಯ ಪ್ರಕಾರ ಬೇರೇನೂ ತೊಂದರೆ ಇಲ್ಲದವರ ಎಲ್‌ಡಿಎಲ್ 100ರ ಕೆಳಗೆ, ನಾನ್-ಎಚ್‌ಡಿಎಲ್ 130ರ ಕೆಳಗೆ ಇರಲಿ. ಸಕ್ಕರೆ ಕಾಯಿಲೆ, ಬಿಪಿಯಂಥದ್ದು ಇದ್ದು ಹೆಚ್ಚು ಅಪಾಯದ ಗುಂಪಿಗೆ ಸೇರಿದವರಿಗೆ 70 ಮತ್ತು 100. ಈಗಾಗಲೇ ಹೃದಯಾಘಾತ, ಎಂಜೈನಾ (ಹೃದಯದ ನಾಳ ಕಿರಿದಾಗಿ ಬರುವ ಎದೆನೋವು), ಸ್ಟ್ರೋಕ್ ಆದವರಿಗೆ, ದೀರ್ಘಕಾಲದ ಕಿಡ್ನಿ ಕಾಯಿಲೆ ಇರುವವರಿಗೆ 55 ಮತ್ತು 85.

ಈಗ ಮಾವನ 92 ನೋಡಿ. ಅವರ ಗೆರೆ 55. ಅಲ್ಲಿಂದ 37 ಮೇಲಿದ್ದಾರೆ. ಅದೂ ಮಾತ್ರೆ ನುಂಗುತ್ತಿದ್ದಾಗ! ಕಂಪ್ಯೂಟರ್ ಒಂದು ಚುಕ್ಕೆಯನ್ನೂ ಹಾಕಲಿಲ್ಲ.

ನೀವು ಯಾವ ಗುಂಪು ಅಂತ ಡಾಕ್ಟರೇ ಹೇಳಬೇಕು. ಆದರೆ ಅವರಿಗೆ ಈ ಮಾಹಿತಿ ನೀವು ಕೊಡಬೇಕು, ಕೇಳದಿದ್ದರೂ ಹೇಳಿ. ಬೀಡಿ, ಸಿಗರೇಟು, ಗುಟ್ಕಾ ಇದೆಯಾ. ಅಪ್ಪ ಅಥವಾ ಅಣ್ಣತಮ್ಮಂದಿರಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕತಂಗಿಯರಿಗೆ 65ರ ಒಳಗೆ ಹೃದಯದ ತೊಂದರೆ ಆಗಿತ್ತಾ. ಹೆಂಗಸರಾದರೆ ಬಸಿರಿನಲ್ಲಿ ಬಿಪಿ ಏರಿತ್ತಾ, ಮುಟ್ಟು 40ರ ಒಳಗೇ ನಿಂತಿತಾ. ಕೊನೆಯ ಎರಡನ್ನು ಯಾರೂ ಹೇಳುವುದಿಲ್ಲ. ಹೃದಯಕ್ಕೂ ಹೆರಿಗೆಗೂ ಏನು ಸಂಬಂಧ ಅಂದುಕೊಳ್ಳುತ್ತಾರೆ. ಸಂಬಂಧ ಇದೆ.

ಮನೆತನದ ವಿಷಯ ಯಾಕೆ ಒತ್ತಿ ಹೇಳುತ್ತೇನೆ ಅಂದರೆ, ನಮ್ಮವರ ಹೃದಯ ಬೇಗ ಪೆಟ್ಟು ತಿನ್ನುತ್ತದೆ. 52 ದೇಶಗಳಲ್ಲಿ ನಡೆದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಆದ ಸರಾಸರಿ ವಯಸ್ಸು 53. ಬೇರೆ ದೇಶದವರಿಗೆ 59ರ ಹತ್ತಿರ. ಬೆಂಗಳೂರಿನ ಜಯದೇವ ಆಸ್ಪತ್ರೆ 40ರ ಒಳಗಿನ ಹೃದ್ರೋಗಿಗಳನ್ನೇ ಬೇರೆಯಾಗಿ ದಾಖಲಿಸಿ ಅಧ್ಯಯನ ಮಾಡುತ್ತ ಬಂದಿದೆ. ಅಂಥ ದಾಖಲೆ ಬೇಕಾಗುವಷ್ಟು ಜನ ಬರುತ್ತಿದ್ದಾರೆ ಅಂತಾಯಿತು.

ಈಗ ಮಾವನ ಮಗಳ 108ಕ್ಕೆ ಬರೋಣ. ಬರೀ 108 ಅಂದರೆ ಅಳುವಂಥದ್ದೇನಲ್ಲ. ಆದರೆ ಅವಳ ಅಪ್ಪನಿಗೆ 49ಕ್ಕೇ ಅಟ್ಯಾಕ್ ಆಗಿತ್ತು. ಅದು ರಿಪೋರ್ಟಿನ ಯಾವ ಸಾಲಿನಲ್ಲೂ ಇಲ್ಲ. ಹಾಗಾಗಿ ಅವಳಿಗೆ ನಾನು ಹೇಳಿದ್ದು ಡಾಕ್ಟರ ಹತ್ತಿರ ಲೈಪೊಪ್ರೋಟೀನ್ ಎ ಬಗ್ಗೆ ಕೇಳು ಅಂತ. ಇದು ಎಲ್‌ಡಿಎಲ್‌ಗೆ ಇನ್ನೊಂದು ಅಂಟು ಬಾಲ ಕಟ್ಟಿದಂಥ ಕಣ. ಹೆತ್ತವರಿಂದ ಬರುತ್ತದೆ. ಊಟಕ್ಕೂ ನಡಿಗೆಗೂ ಬಗ್ಗುವುದಿಲ್ಲ. ಜೀವನದಲ್ಲಿ ಒಂದು ಸಲವಾದರೂ ನೋಡಿಸಿ, 50 ಮಿಲಿಗ್ರಾಂ ಒಳಗಿರಲಿ ಅನ್ನುತ್ತದೆ ಭಾರತೀಯ ಮಾರ್ಗಸೂಚಿ. ಸಾಮಾನ್ಯ ಲಿಪಿಡ್ ಪ್ರೊಫೈಲಿನಲ್ಲಿ ಇದು ಸೇರಿರುವುದಿಲ್ಲ, ಬೇರೆಯಾಗಿ ಬರೆಸಬೇಕು.

ಎಲ್‌ಡಿಎಲ್ 190 ದಾಟಿದ್ದರೆ ಮಾತ್ರ ಯಾವ ಗುಂಪು ಅಂತ ಯೋಚಿಸುತ್ತ ಕೂರಬೇಡಿ, ನೇರ ಡಾಕ್ಟರ ಹತ್ತಿರ ಹೋಗಿ. ವಂಶದಲ್ಲೇ ಬರುವ ಹೆಚ್ಚು ಕೊಲೆಸ್ಟ್ರಾಲ್ ಇರಬಹುದು. ಸುಮಾರು 250 ಜನರಲ್ಲಿ ಒಬ್ಬರಿಗೆ ಇರುತ್ತದೆ. ಹಿಮ್ಮಡಿಯ ಹಿಂದಿನ ಸ್ನಾಯುರಜ್ಜು (ಟೆಂಡನ್) ದಪ್ಪಗಿದೆಯಾ, ಕಣ್ಣುರೆಪ್ಪೆಯ ಮೂಲೆಯಲ್ಲಿ ಹಳದಿ ಗುಳ್ಳೆ ಇದೆಯಾ ನೋಡಿಕೊಳ್ಳಿ. ಅಪ್ಪ ಅಮ್ಮಂದಿರಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಇಂಥ ಮನೆಯಲ್ಲಿ ಮಕ್ಕಳಿಗೆ 18 ಆಗಲಿ ಅಂತ ಕಾಯಬಾರದು.

ಗೆರೆ ಗೊತ್ತಾದ ಮೇಲೆ ರಿಪೋರ್ಟಿನ ನೆತ್ತಿಯ ಮೇಲೆ ಪೆನ್ನಿನಿಂದ ದೊಡ್ಡದಾಗಿ ಬರೆಯಿರಿ: ನನ್ನ ಗೆರೆ ಇಷ್ಟು.

ಐದನೆಯದು: ಒಂದೇ ರಿಪೋರ್ಟ್ ಹಿಡಿದು ತೀರ್ಪು ಬೇಡ

ಒಬ್ಬರದೇ ಎಲ್‌ಡಿಎಲ್ ಒಂದು ವಾರದಿಂದ ಇನ್ನೊಂದು ವಾರಕ್ಕೆ ನೂರಕ್ಕೆ ಐದು ಹತ್ತು ಪಾಲು ಆಚೀಚೆ ಆಗುತ್ತದೆ. 101 ಇದ್ದದ್ದು 108 ಆದರೆ ಏನೋ ಕೆಟ್ಟಿತು ಅಂತಲ್ಲ. ಲ್ಯಾಬ್ ಬದಲಿಸಿದರೂ ಸ್ವಲ್ಪ ವ್ಯತ್ಯಾಸ ಬರಬಹುದು. ಆದಷ್ಟೂ ಒಂದೇ ಕಡೆ ಮಾಡಿಸಿ.

ಇದ್ದಕ್ಕಿದ್ದ ಹಾಗೆ ಜಾಸ್ತಿ ಬಂದರೆ ಥೈರಾಯ್ಡ್ ನೋಡಿಸಿ. ಥೈರಾಯ್ಡ್ ಮಂದವಾದರೆ ಎಲ್‌ಡಿಎಲ್ ಏರುತ್ತದೆ, ಅದನ್ನು ಸರಿಪಡಿಸಿದರೆ ಎಷ್ಟೋ ಸಲ ಇದೂ ಇಳಿಯುತ್ತದೆ. ಮೂತ್ರದಲ್ಲಿ ಪ್ರೋಟೀನ್ ಸೋರುವ ಕಿಡ್ನಿ ಕಾಯಿಲೆ, ಪಿತ್ತ ಕಟ್ಟುವ ಲಿವರ್ ತೊಂದರೆ, ಸ್ಟಿರಾಯ್ಡ್ ಮಾತ್ರೆ, ಇವೂ ಕಾರಣ ಆಗಬಹುದು.

2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ಕ್ಕೇ ಹೋದಾಗ, ಆಮೇಲೆ 2025ರಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳು ದಿನಾ ಟಿವಿಯಲ್ಲಿ ಬಂದಾಗ, ಜಯದೇವದ ಮುಂದೆ ಬೆಳಿಗ್ಗೆಯಿಂದಲೇ ಸಾಲು ನಿಂತಿತು. ಹೆಚ್ಚಿನವರು ಕೇಳುತ್ತಿದ್ದದ್ದು "ಒಂದು ಇಸಿಜಿ ತೆಗೆದುಬಿಡಿ". ಇಸಿಜಿ ಆ ಹೊತ್ತಿನ ಹೃದಯದ ಸ್ಥಿತಿ ಹೇಳುತ್ತದೆ. ಗೋಡೆಯೊಳಗೆ ಗಂಟು ಬೆಳೆಯುತ್ತಿದ್ದರೂ ಅದು ಚೊಕ್ಕವಾಗಿ ಬರಬಹುದು. ಎದೆನೋವು ಇಲ್ಲದ, 40 ದಾಟಿದ, ಮಾತ್ರೆ ಶುರು ಮಾಡಬೇಕೋ ಬೇಡವೋ ಎಂಬ ಅನುಮಾನದಲ್ಲಿರುವವರಿಗೆ ಡಾಕ್ಟರ್ ಒಮ್ಮೊಮ್ಮೆ ಕ್ಯಾಲ್ಸಿಯಂ ಸ್ಕೋರ್ ಎಂಬ ಸಿಟಿ ಸ್ಕ್ಯಾನ್ ಹೇಳುತ್ತಾರೆ. ಹೃದಯದ ನಾಳಗಳಲ್ಲಿ ಸುಣ್ಣ ಕಟ್ಟಿದೆಯಾ ಅಂತ ಅದು ತೋರಿಸುತ್ತದೆ.

ಆರನೆಯದು: ಅಡುಗೆಮನೆಯಲ್ಲಿ

ಎಣ್ಣೆ ಪ್ಯಾಕೆಟ್ ಮೇಲೆ "ಕೊಲೆಸ್ಟ್ರಾಲ್ ಫ್ರೀ" ಅಂತ ಇರುತ್ತದೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಬರುವಷ್ಟು ಕೊಲೆಸ್ಟ್ರಾಲ್ ಇರುವುದೇ ಇಲ್ಲ. ನೋಡಬೇಕಾದದ್ದು ಗಟ್ಟಿ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಫ್ಯಾಟ್. ತಿಂದ ಕೊಲೆಸ್ಟ್ರಾಲ್‌ಗಿಂತ ಇದು ಎಲ್‌ಡಿಎಲ್ ಅನ್ನು ಹೆಚ್ಚು ಏರಿಸುತ್ತದೆ, ಯಾಕೆಂದರೆ ಲಿವರಿನ ಕೊಕ್ಕೆಗಳನ್ನು ಕಡಿಮೆ ಮಾಡುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ನೂರಕ್ಕೆ 85ಕ್ಕೂ ಜಾಸ್ತಿ ಗಟ್ಟಿ ಕೊಬ್ಬು. ತುಪ್ಪದಲ್ಲಿ 60ರ ಮೇಲೆ. ಪಾಮ್ ಎಣ್ಣೆಯಲ್ಲಿ ಅರ್ಧದಷ್ಟು. ಕಡಲೆಕಾಯಿ ಎಣ್ಣೆಯಲ್ಲಿ 20ರ ಒಳಗೆ. ಕರಾವಳಿಯವರು ನನ್ನ ಮೇಲೆ ಸಿಟ್ಟಾಗಬೇಡಿ. ಕಾಯಿ ಹಾಕಿದ ಸಾರು ನನಗೂ ಬೇಕು. ಎಲ್‌ಡಿಎಲ್ ಮೇಲಿರುವವರು ಒಗ್ಗರಣೆಗೂ ಕೊಬ್ಬರಿ ಎಣ್ಣೆ, ಮೇಲಕ್ಕೂ ತುಪ್ಪ ಮಾಡಬೇಡಿ, ಅಷ್ಟೇ.

ಹಬ್ಬದ ಹೋಳಿಗೆಯ ಮೇಲಿನ ತುಪ್ಪಕ್ಕೆ ಎಲ್ಲರೂ ಬೈಯುತ್ತಾರೆ. ವರ್ಷಕ್ಕೆ ನಾಲ್ಕು ದಿನದ ಮಾತು ಅದು. ದಿನಾ ಸಂಜೆ ಬೇಕರಿಯ ಪಫ್, ಬೆಣ್ಣೆ ಬಿಸ್ಕತ್ತು, ಮತ್ತೆ ಮತ್ತೆ ಕಾಯಿಸಿದ ಎಣ್ಣೆಯ ಬಜ್ಜಿ, ಇವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಾನು ಮೊದಲು ತೆಗೆಯಲು ಹೇಳುವುದು ಇವನ್ನೇ. ಮೊಟ್ಟೆಗೆ ಬಂದ ಕೆಟ್ಟ ಹೆಸರು ಅತಿಯಾಯಿತು. ದಿನಕ್ಕೊಂದು ಮೊಟ್ಟೆ ಹೆಚ್ಚಿನವರಿಗೆ ತೊಂದರೆ ಕೊಡದು. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇದ್ದವರು ಮಾತ್ರ ಡಾಕ್ಟರನ್ನು ಕೇಳಿ.

ಎಲ್‌ಡಿಎಲ್ ಇಳಿಸುವ ನಾರು ನಮ್ಮ ಅಡುಗೆಯಲ್ಲೇ ಇದೆ. ಹುರುಳಿ ಸಾರು, ಹೆಸರುಕಾಳಿನ ಉಸಲಿ, ಅವರೆಕಾಳು, ಮೆಂತ್ಯ, ಬೆಂಡೆಕಾಯಿ, ಸೀಬೆಹಣ್ಣು. ನೀರಿನಲ್ಲಿ ಲೋಳೆಯಾಗುವ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಲಿವರ್ ಹೊಸ ಪಿತ್ತ ಮಾಡಲು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ದುಬಾರಿ ಓಟ್ಸೇ ಆಗಬೇಕೆಂದೇನಿಲ್ಲ. ಟ್ರೈಗ್ಲಿಸರೈಡ್ ಜಾಸ್ತಿ ಇರುವವರು ಮಾತ್ರ ಅನ್ನದ ಗುಡ್ಡೆ, ಸಕ್ಕರೆ, ಮದ್ಯದ ಕಡೆ ನೋಡಬೇಕು. ಅದು ಏರುವುದು ಹೆಚ್ಚಾಗಿ ಇವುಗಳಿಂದ.

ಇನ್ನು ಸತ್ಯ ಹೇಳಿಬಿಡುತ್ತೇನೆ. ಕಟ್ಟುನಿಟ್ಟಾಗಿ ಊಟ ಬದಲಿಸಿದರೂ ಹೆಚ್ಚಿನವರಲ್ಲಿ ಎಲ್‌ಡಿಎಲ್ ಇಳಿಯುವುದು ನೂರಕ್ಕೆ ಹತ್ತು ಹದಿನೈದು. 112 ಇದ್ದವರು 98ಕ್ಕೆ ಬರಬಹುದು. 190 ಇದ್ದವರು 70ಕ್ಕೆ ಬರಲಾರರು. ನಡಿಗೆ ಬಿಪಿಗೆ, ಸಕ್ಕರೆಗೆ, ಟ್ರೈಗ್ಲಿಸರೈಡಿಗೆ ತುಂಬ ಒಳ್ಳೆಯದು, ಎಲ್‌ಡಿಎಲ್ ಮೇಲೆ ಅದರ ಕೈ ಅಷ್ಟಾಗಿ ನಡೆಯುವುದಿಲ್ಲ. ವಾಟ್ಸಾಪಿನಲ್ಲಿ ಬರುವ ಬೆಳ್ಳುಳ್ಳಿ, ನಿಂಬೆ, ಶುಂಠಿ ಕಷಾಯ ಕುಡಿದು ಮಾತ್ರೆ ಬಿಟ್ಟವರ ರಕ್ತ ನಾನೇ ತೆಗೆದಿದ್ದೇನೆ. ಅಂಕಿ ಹೇಳುವುದು ಬೇಡ.

ಏಳನೆಯದು: ಮಾತ್ರೆ ಬಂದರೆ

1971ರಲ್ಲಿ ಜಪಾನಿನ ಅಕಿರಾ ಎಂಡೊ ಬೂಷ್ಟುಗಳನ್ನು ಒಂದೊಂದಾಗಿ ಪರೀಕ್ಷಿಸಲು ಶುರು ಮಾಡಿದರು. ಎರಡು ವರ್ಷ, 6,000ಕ್ಕೂ ಹೆಚ್ಚು ಸೂಕ್ಷ್ಮಜೀವಿಗಳು. ಕೊನೆಗೆ ಕೊಲೆಸ್ಟ್ರಾಲ್ ತಯಾರಿಯನ್ನು ತಡೆಯುವ ವಸ್ತು ಸಿಕ್ಕಿದ್ದು ಕ್ಯೋಟೊದ ಧಾನ್ಯದಂಗಡಿಯ ಅಕ್ಕಿಯ ಮೇಲಿದ್ದ ಬೂಷ್ಟಿನಲ್ಲಿ. ಸ್ಟ್ಯಾಟಿನ್ ಮಾತ್ರೆಗಳ ಮೂಲ ಅದು. 1987ರಲ್ಲಿ ಮೊದಲ ಸ್ಟ್ಯಾಟಿನ್ ಅಮೆರಿಕದಲ್ಲಿ ಮಾರಾಟಕ್ಕೆ ಬಂತು. "ಇದೆಲ್ಲ ಕೆಮಿಕಲ್" ಅನ್ನುವ ನಮ್ಮ ಅತ್ತೆಗೆ ಈ ಅಕ್ಕಿಯ ಕಥೆ ಹೇಳಿದ ಮೇಲೆ ಸ್ವಲ್ಪ ಮೆತ್ತಗಾದರು.

ಅಟೋರ್ವಾಸ್ಟ್ಯಾಟಿನ್, ರೋಸುವಾಸ್ಟ್ಯಾಟಿನ್ ನಮ್ಮಲ್ಲಿ ಹೆಚ್ಚು ಬರೆಯುವ ಎರಡು. ಜನೌಷಧಿಯಲ್ಲಿ ಅಗ್ಗಕ್ಕೆ ಸಿಗುತ್ತವೆ. ಇವು ಲಿವರ್ ಕೊಲೆಸ್ಟ್ರಾಲ್ ತಯಾರಿಸುವುದನ್ನು ಕಡಿಮೆ ಮಾಡುತ್ತವೆ. ಆಗ ಲಿವರ್ ಕೊಕ್ಕೆಗಳನ್ನು ಹೆಚ್ಚಿಸಿಕೊಂಡು ರಕ್ತದ ಎಲ್‌ಡಿಎಲ್ ಎಳೆಯುತ್ತದೆ. ದೊಡ್ಡ ಡೋಸಿನಲ್ಲಿ ಎಲ್‌ಡಿಎಲ್ ಅರ್ಧಕ್ಕೆ ಇಳಿಯುತ್ತದೆ. ಹಲವು ದೊಡ್ಡ ಪ್ರಯೋಗಗಳನ್ನು ಒಟ್ಟು ಸೇರಿಸಿ ನೋಡಿದಾಗ, ಎಲ್‌ಡಿಎಲ್ ಸುಮಾರು 39 ಇಳಿದರೆ ಹೃದಯಾಘಾತ, ಸ್ಟ್ರೋಕ್‌ನಂಥ ಪೆಟ್ಟುಗಳು ಐದರಲ್ಲಿ ಒಂದು ಪಾಲು ಕಡಿಮೆಯಾದವು.

ಶುರು ಮಾಡಿದ 4ರಿಂದ 12 ವಾರದೊಳಗೆ ಮತ್ತೆ ರಕ್ತ ಪರೀಕ್ಷೆ ಮಾಡಿಸಬೇಕು. ಇಷ್ಟನ್ನು ತುಂಬ ಜನ ಮಾಡುವುದೇ ಇಲ್ಲ, ವರ್ಷಗಟ್ಟಲೆ ಅದೇ ಚೀಟಿ ತೋರಿಸಿ ಮಾತ್ರೆ ತರುತ್ತಾರೆ. ಗೆರೆ ಮುಟ್ಟದಿದ್ದರೆ ಡೋಸ್ ಏರಿಸುತ್ತಾರೆ. ಆದರೆ ಡೋಸ್ ಎರಡರಷ್ಟು ಮಾಡಿದರೆ ಹೆಚ್ಚುವರಿಯಾಗಿ ಇಳಿಯುವುದು ನೂರಕ್ಕೆ ಆರು ಅಷ್ಟೇ. ಅದಕ್ಕೇ ಕೆಲವರಿಗೆ ಎಜೆಟಿಮೈಬ್ ಅನ್ನುವ ಎರಡನೇ ಮಾತ್ರೆ ಸೇರಿಸುತ್ತಾರೆ, ಅದು ಇನ್ನೊಂದು 20 ಪಾಲು ಇಳಿಸುತ್ತದೆ. ಅದಕ್ಕೂ ಬಗ್ಗದವರಿಗೆ ಇಂಜೆಕ್ಷನ್‌ಗಳಿವೆ, ದುಬಾರಿ.

ಮೈಕೈ ನೋವು ಬರುತ್ತದಂತೆ ಅನ್ನುತ್ತಾರೆ. ಕೆಲವರಿಗೆ ನಿಜವಾಗಿ ಬರುತ್ತದೆ. ಆದರೆ 2020ರ ಸ್ಯಾಮ್ಸನ್ ಎಂಬ ಪ್ರಯೋಗ ತಮಾಷೆಯಾಗಿದೆ. ನೋವೆಂದು ಸ್ಟ್ಯಾಟಿನ್ ಬಿಟ್ಟಿದ್ದ 60 ಜನರಿಗೆ ಕೆಲವು ತಿಂಗಳು ಸ್ಟ್ಯಾಟಿನ್, ಕೆಲವು ತಿಂಗಳು ಔಷಧಿ ಇಲ್ಲದ ಸುಳ್ಳು ಮಾತ್ರೆ, ಕೆಲವು ತಿಂಗಳು ಏನೂ ಇಲ್ಲ. ಯಾವ ಮಾತ್ರೆ ಯಾವುದೆಂದು ಹೇಳಲಿಲ್ಲ. ಸ್ಟ್ಯಾಟಿನ್ ತೆಗೆದುಕೊಂಡಾಗಿನ ನೋವಿನ ನೂರಕ್ಕೆ 90 ಪಾಲು ಸುಳ್ಳು ಮಾತ್ರೆ ನುಂಗಿದಾಗಲೂ ಬಂತು. ಹಾಗಂತ ನೋವನ್ನು ಸಹಿಸಿಕೊಂಡು ಕೂರಬೇಡಿ. ತೀವ್ರ ಸ್ನಾಯು ನೋವು ಬಂದು ಮೂತ್ರ ಕಡು ಬಣ್ಣಕ್ಕೆ ತಿರುಗಿದರೆ ತಕ್ಷಣ ಡಾಕ್ಟರ್ ನೋಡಬೇಕು. ಸಕ್ಕರೆ ಗಡಿಯಲ್ಲಿ ಇರುವವರಿಗೆ ಸ್ವಲ್ಪ ಏರಬಹುದು, ಹೃದಯಕ್ಕೆ ಸಿಗುವ ಲಾಭ ಅದಕ್ಕಿಂತ ದೊಡ್ಡದು ಅಂತ ಡಾಕ್ಟರುಗಳು ಲೆಕ್ಕ ಹಾಕುತ್ತಾರೆ. ಮಗು ಬೇಕು ಅಂದುಕೊಂಡಿರುವ ಹೆಂಗಸರು ಮುಂಚೆಯೇ ಹೇಳಿ, ಬಸಿರಿನಲ್ಲಿ ಸಾಮಾನ್ಯವಾಗಿ ಇದನ್ನು ನಿಲ್ಲಿಸುತ್ತಾರೆ.

ಈ ಎಲ್ಲದರ ನಡುವೆ ಎದೆ ಒತ್ತಿದ ಹಾಗಾಗಿ ನೋವು ತೋಳಿಗೋ ದವಡೆಗೋ ಹರಿದು ಬೆವರು ಬಂದರೆ ಎಲ್‌ಡಿಎಲ್ ಮಾತು ಬಿಡಿ. ಗ್ಯಾಸ್ ಅಂತ ಸೋಡಾ ಕುಡಿಯುತ್ತ ಕೂರಬೇಡಿ. 108ಕ್ಕೆ ಕರೆ ಮಾಡಿ, ಹತ್ತಿರದ ತಾಲೂಕು ಆಸ್ಪತ್ರೆಗೆ ಹೋಗಿ. ರಾಜ್ಯದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಅಲ್ಲಿ ಇಸಿಜಿ ತೆಗೆದು, ಬೇಕಾದರೆ ಹೆಪ್ಪು ಕರಗಿಸುವ ಟೆನೆಕ್ಟಪ್ಲೇಸ್ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ.

ಮಾವ ನನಗೆ ಫೋನ್ ಮಾಡಿದ ಮರುದಿನವೇ ಡಾಕ್ಟರ ಹತ್ತಿರ ಹೋದರು. ಡೋಸ್ ಹಲವು ಪಟ್ಟು ಏರಿತು. ಎಂಟು ವಾರಕ್ಕೆ 61 ಬಂತು. ಲ್ಯಾಬಿನ ಕಂಪ್ಯೂಟರಿಗೆ ಈಗಲೂ ಅದು ನಾರ್ಮಲ್ಲೇ. ಮಾವ ಕನ್ನಡಕ ಹಾಕಿಕೊಂಡು ರಿಪೋರ್ಟಿನ ಮೇಲೆ ತಾವೇ ಬರೆದಿದ್ದ 55ನ್ನೂ ಕೆಳಗಿನ 61ನ್ನೂ ನೋಡಿ, "ಇನ್ನೂ ಆರು ಉಳೀತಲ್ಲೇ" ಅಂದರು. ಡಾಕ್ಟರ್ ಎಜೆಟಿಮೈಬ್ ಸೇರಿಸಿದ್ದಾರೆ. ಮಗಳ ಲೈಪೊಪ್ರೋಟೀನ್ ಎ 18 ಬಂತು. "ಅಕ್ಕಾ, ದೋಸೆ ತಿನ್ಬಹುದಾ?" ಅಂತ ಕೇಳಿದಳು. ತಿನ್ನು, ಬೆಣ್ಣೆ ಮಾತ್ರ ನನಗೆ ಕೊಡು ಅಂದೆ.